ಟಿವಿ ಕಾರ್ಡಿನಲ್ಲಿ ಬಂದ ದನಿ

ಮಾಗಡಿ (ಲಕ್ಷ್ಮೇಶ್ವರದ ಹತ್ತಿರ)
೧೮ ಜನವರಿ ೨೦೨೪

ಪ್ರೀತಿಯ ಗೆಳೆಯ ಜಾಹೀದನಿಗೆ,

ನಿನ್ನ ಉಡಚಪ್ಪನ ನಮಸ್ಕಾರ. ನಿನ್ನ ಮನೆಯಾಕೆ ರೋಶನಬಿಯ ಮೊಣಕಾಲು ನೋವು ಈಗ ಹೇಗಿದೆ? ಭಾನುವಾರವೇ ನಿನಗೆ ಸುದ್ದಿ ತಿಳಿಸಬೇಕಿತ್ತು. ತಡವಾಯಿತು, ಸಿಟ್ಟಾಗಬೇಡ.

ಕಂಪ್ಯೂಟರಿನಲ್ಲೇ ಟಿವಿ ಹಿಡಿದು ರೆಕಾರ್ಡ್ ಮಾಡುವ ನಿನ್ನ ಟಿವಿ ಕಾರ್ಡು ಕೆಲಸ ಮಾಡಿತು. ಅದಕ್ಕೂ ಮೊದಲು ನನ್ನ ಜೀವ ತಿಂದಿತು, ಆ ಮಾತು ಬೇರೆ. ಲಕ್ಷ್ಮೇಶ್ವರದ ನಿನ್ನ ಅಂಗಡಿಯಿಂದ ತಂದ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಕೂಡಿಸಿದೆ. ಕಂಪ್ಯೂಟರನ್ನು ನಡೆಸುವ ಲಿನಕ್ಸು ಕಾರ್ಡಿನ ಹೆಸರನ್ನೇನೋ ಸರಿಯಾಗಿ ಹೇಳಿತು, ಆದರೆ ಒಂದು ಚಾನೆಲ್ಲನ್ನೂ ಹುಡುಕಲಿಲ್ಲ. ಕಾರ್ಡನ್ನು ಎಚ್ಚರಿಸುವ ಫರ್ಮ್‌ವೇರ್ ಫೈಲು ಇಲ್ಲವೆಂದು ಒಂದೇ ಸಮನೆ ದೂರುತ್ತಿತ್ತು. ನೀನು ಕಳಿಸಿದ ಫೈಲನ್ನು ಅದು ಕೇಳಿದ ಜಾಗದಲ್ಲೇ ಇಟ್ಟೆ. ಆಗಲೂ ಇಲ್ಲ. ನೀನು ಫೋನಿನಲ್ಲಿ ಬೈದದ್ದು ಇನ್ನೂ ನೆನಪಿದೆ: "ಲೇ ಉಡಚ್ಯಾ, ಬರೇ ಬಂದ್ ಮಾಡಿ ಚಾಲೂ ಮಾಡಿದ್ರ ಆಗೂದಿಲ್ಲೋ. ವಾಯರ್ ಕಿತ್ತು ಸ್ವಲ್ಪ ಹೊತ್ತು ಬಿಡು." ಹಾಗೆ ಮಾಡಿದ ಮೇಲೆ ಕಾರ್ಡಿಗೆ ಎಚ್ಚರವಾಯಿತು.

ಆದರೂ ಚಿತ್ರ ಬರಲಿಲ್ಲ. ಮಾಳಿಗೆ ಹತ್ತಿ ನೋಡಿದರೆ ಡಿಶ್ಶಿನ ಮೇಲೆ ಒಗೆದ ಕೌದಿ. ಅನ್ನಪೂರ್ಣಾ ಬಿಸಿಲಿಗೆ ಹಾಕಿದ್ದಳು. "ಯಾಕ, ಡಿಶ್ಶಿಗಿ ಥಂಡಿ ಹತ್ತಿತ್ತೇನ?" ಅಂದೆ. ಅವಳು ಹೆಗಲು ಕುಲುಕಿಸಿ ನಕ್ಕಳು. ಗಂಟಲಿನ ಆಪರೇಶನ್ ಆದಾಗಿನಿಂದ ಅವಳ ನಗುವಿಗೂ ದನಿಯಿಲ್ಲ. ನಿನಗೆ ಗೊತ್ತೇ ಇದೆ.

ಅದಕ್ಕೇ ತಾನೇ ಇಷ್ಟೆಲ್ಲ ಒದ್ದಾಟ. ನಮ್ಮ ಮದುವೆಯಾದ ಹೊಸದರಲ್ಲಿ ಅವಳು ಓಣಿಯ ಹೆಂಗಸರ ಜೊತೆ ಟಿವಿಯವರ ಮುಂದೆ ಬೀಸುವ ಪದ ಹಾಡಿದ್ದಳು. ಅದನ್ನು ಈ ಭಾನುವಾರ ಮತ್ತೆ ತೋರಿಸುತ್ತಾರೆಂದು ತಿಳಿದಾಗ ಹೇಗಾದರೂ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕೆಂದು ಹಟ ಹಿಡಿದೆ. ಅವಳ ದನಿ ಬೇರೆಲ್ಲೂ ಉಳಿದಿಲ್ಲ.

ಪುಣ್ಯಕ್ಕೆ ಆ ಹೊತ್ತಿನಲ್ಲಿ ಕರೆಂಟು ಹೋಗಲಿಲ್ಲ. ಓಣಿಯ ಮಂದಿಯೆಲ್ಲ ಬಂದಿದ್ದರು. ಎದುರು ಮನೆಯ ದೇವವ್ವ ತಾನೂ ಆಗ ಹಾಡಿದವಳು. ಎಷ್ಟು ತೆಳ್ಳಗಿದ್ದೆ ನೋಡಿರೆಂದು ಕಂಡಕಂಡವರಿಗೆ ತೋರಿಸಿದ್ದೇ ತೋರಿಸಿದ್ದು. ಆ ಗದ್ದಲದಲ್ಲಿ ಹಾಡು ನೆಟ್ಟಗೆ ಕೇಳಲಿಲ್ಲ. ಆದರೆ ರೆಕಾರ್ಡ್ ಮಾತ್ರ ಪೂರ್ತಿ ಆಗಿದೆ, ಒಂದು ಸಾಲೂ ಬಿಟ್ಟಿಲ್ಲ.

ನಿನ್ನ ಕೈಗುಣ ಹೀಗೇ ಇರಲಿ. ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ. ರೋಶನಬಿಗೆಂದು ಅನ್ನಪೂರ್ಣಾ ಶೇಂಗಾ ಹೋಳಿಗೆ ಕಟ್ಟಿಟ್ಟಿದ್ದಾಳೆ, ಬಸ್ಸಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ.

ನಿನ್ನ,
ಉಡಚಪ್ಪ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಮಂದಿ ಹೋದ ಮೇಲೆ ನಾವಿಬ್ಬರೇ ಕೂತು ಹಾಡನ್ನು ಮತ್ತೆ ಹಾಕಿದೆವು. ನಡುವೆ ಹೆಂಗಸರ ಮುಖ ಬಿಟ್ಟು ನಮ್ಮ ಕೆರೆಯ ಹಕ್ಕಿಗಳನ್ನು ತೋರಿಸುತ್ತಾರೆ. ಆಗ ಒಬ್ಬೊಬ್ಬರೇ ಒಂದೊಂದು ನುಡಿ ಹಾಡುತ್ತಾರೆ. ಮೊದಲ ದನಿ ಬಂದ ಕೂಡಲೇ ನನಗೆ ಕಣ್ಣು ತುಂಬಿ ಬಂತು. "ಇದು ನಿಂದ ಅಲ್ಲೇನ?" ಅಂದೆ. ಅವಳು ಅಲ್ಲವೆಂದು ತಲೆಯಾಡಿಸಿ ದೇವವ್ವನ ಮನೆಯ ಕಡೆ ಕೈ ತೋರಿಸಿದಳು. ಮುಂದಿನ ದನಿಗೆ ನಾನು ಬಾಯಿ ಬಿಡಲಿಲ್ಲ, ಅವಳ ಮುಖ ನೋಡಿದೆ. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನೊಂದು ದನಿ ಬಂತು, ಹೋಯಿತು. ಹಾಡು ಮುಗಿಯಿತು. ತನ್ನದು ಯಾವುದೆಂದು ಅವಳು ತೋರಿಸಲಿಲ್ಲ. ಎದ್ದು ಒಲೆಯ ಮುಂದೆ ಹೋಗಿ ಕೂತಳು. ದೇವವ್ವನನ್ನು ಕೇಳಿದರೆ ಹೇಳಿಯಾಳು. ಆದರೆ ಜಾಹೀದ, ನನ್ನ ಹೆಂಡತಿಯ ದನಿ ಯಾವುದೆಂದು ನಾನು ಇನ್ನೊಬ್ಬರನ್ನು ಹೇಗೆ ಕೇಳಲಿ?