ಪೆಡಲಿಗೆ ಸಿಕ್ಕ ಕಾಲು

ನವೆಂಬರ್ ೧೪, ಶುಕ್ರವಾರ

ಕ್ರೀಡಾ ವಸತಿ ಶಾಲೆಯವರು ತಂಗಿ ಮಾಳವ್ವನಿಗೆ ರೇಸ್ ಸೈಕಲ್ ಕೊಡುತ್ತೇವೆಂದರು, ಕೊಟ್ಟರು. ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಬೂಟು ಕೊಡುತ್ತೇವೆಂದರು, ಇವತ್ತು ಆಯ್ಕೆ ರೇಸ್ ಶುರುವಾಗುವಾಗ ಕೊಟ್ಟರು. ಕಲಿಸುತ್ತೇವೆಂದರು, ಕಲಿಸಲಿಲ್ಲ.

ತುಳಸಿಗೇರಿ ತಿರುವಿನಲ್ಲಿ ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ಹಿಡಿದಳು. ಚಪ್ಪಲಿ ಕಳಚುವ ಹಾಗೆ ಕಾಲು ಹಿಂದಕ್ಕೆ ಎಳೆದಳು. ಬರಲಿಲ್ಲ. ಸೈಕಲ್ ಸಮೇತ ಡಾಂಬರಿಗೆ ಬಿದ್ದು ಮೊಣಕೈ ಮುರಿದುಕೊಂಡಳು.

ತರಬೇತುದಾರ ಜೀಪಿನಲ್ಲೇ ಕೂತು ನಕ್ಕ: "ಹಿಮ್ಮಡಿ ಹೊರಗ ತಿರುವಬೇಕವ್ವಾ! ಕುರಿ ಕಾಯೋರಿಗೆ ಇದೆಲ್ಲಾ ಎಲ್ಲಿ ತಿಳೀಬೇಕು?"

ಬಿದ್ದಲ್ಲಿಂದಲೇ ಕೇಳಿದಳು: "ಇದನ್ನ ನಿನ್ನಿ ಹೇಳಿದ್ರ ನಿಮ್ಮ ನಾಲಿಗಿ ಸವೀತಿತ್ತೇನ್ರಿ?"

ಕ್ರೀಡಾ ವಸತಿ ಶಾಲೆಯ ಸೀಟು ಹೋಯಿತು.

ಆ ಬೂಟು ನನ್ನ ಮುಂದೆಯೇ ಇದೆ. ಇದನ್ನು ನಾವು ಕುರಿ ಕಾಯುವವರೆಲ್ಲ ಸೇರಿ ಆ ತರಬೇತುದಾರನ ಕಾಲಿಗೆ ತೊಡಿಸುತ್ತೇವೆ, ಸೈಕಲ್ ಮೇಲೆ ಕೂರಿಸುತ್ತೇವೆ, ಕೈ ಬಿಡುತ್ತೇವೆ. ಅದಕ್ಕಾಗಿ ನಮ್ಮ ಸಭೆ ಅವನ ಮನೆ ಮುಂದೆ, ಭಾನುವಾರ ಬೆಳಿಗ್ಗೆ ಎಂಟಕ್ಕೆ.