ಮುಂಗೈ ಮೇಲಿನ ಐದು ಗೆರೆ

ಮುನವಳ್ಳಿ,
4 ಮಾರ್ಚ್ 2025

ಪ್ರೀತಿಯ ಉಮಾ,

ಹೇಗಿದ್ದೀ ಮಗಳೇ? ಅನ್ನ ಸೇರುತ್ತದೆಯೇ? ಹೋದ ವಾರ ನಿಮ್ಮಣ್ಣ ಫೋನ್ ಮಾಡಿದಾಗ ನಿನಗೆ ಮತ್ತೆ ತಲೆನೋವು ಎಂದ. ರಾಮದುರ್ಗಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಾ, ಮುಂದೆ ಹಾಕಬೇಡ. ನಿಮ್ಮವ್ವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೀಯೋ ಇಲ್ಲವೋ? ನಿಮ್ಮ ಸುರೇಬಾನದಲ್ಲಿ ಈಗಲೇ ಬಿಸಿಲು ಚುರುಗುಡುತ್ತಿರಬೇಕು. ಇಲ್ಲಿ ನಾನು ಆರಾಮ ಇದ್ದೇನೆ. ಬಿಪಿ ಗುಳಿಗೆ ಒಂದು ದಿನವೂ ತಪ್ಪಿಸಿಲ್ಲ, ಕೇಳಿದರೆ ಮಂಜುಳಾ ಸಾಕ್ಷಿ ಹೇಳುತ್ತಾಳೆ.

ನಿನ್ನ ಮದುವೆಯಾದ ಮೊದಲ ವರ್ಷ ಪಂಚಮಿಗೆ ನೀನು ತವರಿಗೆ ಹೋಗಿದ್ದಾಗ ಉಂಡಿಯ ಡಬ್ಬಿಯ ಜೊತೆ ಒಂದು ಚೀಟಿ ಕಳಿಸಿದ್ದೆ. ಅದರ ಮೇಲೆ ‘ಚಿ. ಸೌ. ಉಮಾಶ್ರೀ’ ಎಂದು ಬರೆದಿದ್ದೆ. ಇವತ್ತು ಕೂತಾಗಲೂ ಕೈ ತಾನೇ ‘ಚಿ.’ ಎಂದು ಬರೆದು ಅಲ್ಲಿಗೆ ನಿಂತಿತು. ಆ ಹಾಳೆ ಹರಿದು ಹಾಕಿ ಇದನ್ನು ತೆಗೆದುಕೊಂಡೆ. ಪ್ರೀತಿಯ ಉಮಾ ಎಂದರೆ ಸಾಕಲ್ಲವೇ? ಅದರಲ್ಲಿ ಏನೂ ಕಡಿಮೆಯಿಲ್ಲ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಉಸಿರು ಒಬ್ಬರು ಕೇಳುತ್ತಾ ಕೂಡುತ್ತೇವೆ, ಕೊನೆಗೆ ಇಡಲೇನು ಎನ್ನುತ್ತೇವೆ. ನಾನು ಏಳನೇ ಇಯತ್ತೆಗೆ ಸಾಲೆ ಬಿಟ್ಟವಳು. ಆದರೂ ದಿನಾ ನಾಲ್ಕು ಸಾಲು ಡೈರಿ ಬರೆದು ಬರೆದು, ಬಾಯಿಗಿಂತ ಕೈಯೇ ನನಗೆ ಹೇಳಿದ ಮಾತು ಕೇಳುತ್ತದೆ.

ಮೂರು ವಾರದ ಹಿಂದೆ ಫೋನಿನಲ್ಲಿ ನೀನು, ನನ್ನ ಮೇಕಪ್ ಪೆಟ್ಟಿಗೆ ಯಾರಿಗಾದರೂ ಕೊಟ್ಟುಬಿಡ್ರಿ ಅತ್ತಿ ಎಂದೆಯಲ್ಲ, ಅದರ ವಿಷಯ ಬರೆಯಬೇಕು. ಎದುರು ಮನೆಯ ಮಂಜುಳಾಳನ್ನು ಮದುವೆಗೆ ಸಿಂಗರಿಸಲು ಬೈಲಹೊಂಗಲದಿಂದ ಬೇರೆ ಯಾರನ್ನೋ ಗೊತ್ತು ಮಾಡಿದ್ದಾರೆ ಎಂದು ನಾನು ಹೇಳಿದ ಮರುದಿನ ನೀನು ಹಾಗೆಂದೆ. ‘ಗಂಡ ಸತ್ತಾಕಿ ಕೈ ಮದುಮಗಳ ಮಾರಿಗೆ ಯಾರು ಹಚ್ಚಿಸಿಕೊಂಡಾರ್ರಿ’ ಎಂದೆ. ಆರು ವರ್ಷ ಸವದತ್ತಿ, ಕಿತ್ತೂರು ಎಂದು ಊರೂರು ತಿರುಗಿ ಎಷ್ಟು ಹುಡುಗಿಯರನ್ನು ಸಿಂಗರಿಸಿದ ಕೈ ಅದು. ವಿಜಯ ಹೋಗಿ ಎಂಟು ತಿಂಗಳಿಗೆ ಆ ಕೆಲಸವೂ ನಿನ್ನಿಂದ ಹೋಗುತ್ತಿದೆ ಎಂದು ತಿಳಿದೂ ನಾನು ಅವತ್ತು ಸುಮ್ಮನಿದ್ದೆ.

ಕೊಡುವ ಮೊದಲು ಒಳಗೇನಿದೆ ನೋಡೋಣ ಎಂದು ಪೆಟ್ಟಿಗೆ ತೆರೆದೆ. ಮೇಲೆಯೇ ಆ ಐದು ಪೆನ್ಸಿಲ್‌ಗಳಿದ್ದವು. ಹೋದ ವರ್ಷ ಸವದತ್ತಿ ಬಸ್ ಸ್ಟ್ಯಾಂಡಿನ ಎದುರಿನ ಬಳೆ ಅಂಗಡಿಯಿಂದ ತಂದದ್ದಲ್ಲವೇ, ಕಣ್ಣಿನ ರೆಪ್ಪೆಯ ಮೇಲೆ ಹಚ್ಚುವ ಬಣ್ಣದವು. ಅಷ್ಟು ಅಗ್ಗದ್ದು ಮದುಮಗಳ ಕಣ್ಣಿಗೆ ಹಚ್ಚುತ್ತಾರೇನು, ನಾಳೆ ಬಾತರೆ ಯಾರು ಉತ್ತರ ಕೊಡುವವರು ಎಂದು ನಾನೇ ನಿನಗೆ ಬೈದಿದ್ದೆ. ನೀನು ಮೊದಲು ನಿನ್ನ ರೆಪ್ಪೆಗೆ ಎರಡು ದಿನ ಹಚ್ಚಿಕೊಂಡೆ. ಆಮೇಲೆ ವಿಜಯನನ್ನು ಹಿಡಿದು ಕೂರಿಸಿ ಅವನ ಮುಂಗೈ ಮೇಲೆ ಐದು ಗೆರೆ ಎಳೆದೆ. ಅವನು ಅದನ್ನು ತೊಳೆಯದೆ ಗೊಬ್ಬರದ ಅಂಗಡಿಗೆ ಹೋದ. ಅಲ್ಲಿ ಎಲ್ಲರೂ, ‘ಏನಪಾ, ಹೋಳಿ ಇನ್ನೂ ತಿಂಗಳೈತಿ, ನೀ ಈಗ ಆಡಿ ಬಂದಿಯೇನು’ ಎಂದರಂತೆ. ಸಂಜೆ ಬಂದವನೇ ಅಂಗಿಯ ತೋಳು ಸರಿಸಿ, ‘ನೋಡಬೇ ಯವ್ವಾ, ಇಪ್ಪತ್ತು ಚೀಲ ಹೊತ್ತೇನಿ, ಒಂದು ಗೆರಿ ಅಳಿಸಿಲ್ಲ’ ಎಂದು ನನಗೆ ತೋರಿಸಿದ. ಅವತ್ತು ನಾನು ಸರಿಯಾಗಿ ನೋಡಲೇ ಇಲ್ಲ.

ಅದಕ್ಕೇ ಈಗ ನೋಡಬೇಕೆನಿಸಿತು. ನಗಬೇಡ, ಮೊದಲನೆಯದನ್ನು ನಾನು ಚಾಕುವಿನಿಂದ ಹೆರೆದೆ. ಪೆನ್ಸಿಲ್ ಎಂದ ಮೇಲೆ ಹೆರೆಯಬೇಕಲ್ಲ. ಪ್ಲಾಸ್ಟಿಕ್ ಚಕ್ಕೆ ಹಾರಿ, ಒಳಗಿನ ಬಣ್ಣ ಬೆಣ್ಣೆಯಂತೆ ಚಾಕುವಿಗೆ ಮೆತ್ತಿಕೊಂಡಿತು. ಹಿಂದಿನ ತುದಿ ತಿರುವಿದರೆ ಬಣ್ಣ ತಾನೇ ಮೇಲೆ ಬರುತ್ತದೆ ಎಂದು ತಿಳಿಯುವಷ್ಟರಲ್ಲಿ ಬದನೆಕಾಯಿ ಬಣ್ಣದ್ದು ಅರ್ಧ ಹಾಳಾಗಿತ್ತು. ಉಳಿದ ನಾಲ್ಕನ್ನು ಮರ್ಯಾದೆಯಿಂದ ತಿರುವಿದೆ. ನನ್ನ ಮುಂಗೈ ಮೇಲೆ ಐದೂ ಗೆರೆ ಎಳೆದುಕೊಂಡು, ಅವು ಒಣಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಹಿಟ್ಟು ನಾದಿ ಎಂಟು ರೊಟ್ಟಿ ಬಡಿದೆ. ಒಲೆಯ ಮುಂದೆ ಬೆವರು ಇಳಿಯಿತು, ಹಿಟ್ಟು ಮೆತ್ತಿತು, ಭಾಂಡೆ ತಿಕ್ಕಿದೆ. ಕೈ ಒರೆಸಿ ನೋಡಿದರೆ ಐದೂ ಹಾಗೇ ಕೂತಿದ್ದವು. ಗಿಳಿಹಸಿರು ಮಾತ್ರ ಅಂಚಿನಲ್ಲಿ ಸ್ವಲ್ಪ ಉದುರಿತ್ತು. ನಿನ್ನ ಆ ದೊಡ್ಡ ಡಬ್ಬಿಯ ಪುಡಿ ಬಣ್ಣ ಇದರ ಹತ್ತು ಪಟ್ಟು ದುಬಾರಿ, ಫ್ಯಾನ್ ಹಾಕಿದರೆ ಅರ್ಧ ಗೋಡೆಗೆ ಹೋಗುತ್ತದೆ. ಇದಕ್ಕೆ ಕುಂಚ ಬೇಡ, ಕನ್ನಡಿಯೂ ದೊಡ್ಡದು ಬೇಡ. ಕಡಿಮೆ ಬೆಲೆಯ ವಸ್ತುವಿಗೂ ಇಷ್ಟು ನಿಯತ್ತು ಇರುತ್ತದೆ ಎಂದು ಅವತ್ತು ಡೈರಿಯಲ್ಲಿ ಬರೆದಿಟ್ಟೆ.

ಮರುದಿನ ಯಾರೂ ಕಾಣದಂತೆ ಬಾಗಿಲು ಮುಂದೆ ಮಾಡಿ ರೆಪ್ಪೆಗೂ ಹಚ್ಚಿಕೊಂಡೆ. ನಿನಗೆ ಹೇಳಲು ನಾಚಿಕೆಯಿಲ್ಲ. ಸಜ್ಜೆಯ ತೆನೆಯಂಥ ಬಣ್ಣದ್ದು, ನೋಡಿದರೂ ನೋಡದ ಹಾಗಿರುವುದು. ನಿಮ್ಮ ಮಾವನವರು ತೀರಿಕೊಂಡು ಹನ್ನೆರಡು ವರ್ಷ. ಅಂದಿನಿಂದ ಕನ್ನಡಿಯಲ್ಲಿ ಬೈತಲೆ ನೋಡಿದ್ದೇನೆ, ಮುಖ ನೋಡಿಲ್ಲ. ಕುಂಕುಮ ಬೇಡ, ಹೂವು ಬೇಡ, ಹಸಿರು ಬಳೆ ಬೇಡ ಎಂದು ಹಿರಿಯರು ಹೇಳಿದ್ದರು. ರೆಪ್ಪೆಯ ಬಣ್ಣದ ಬಗ್ಗೆ ಅವರು ಏನೂ ಹೇಳಿರಲಿಲ್ಲ, ಅವರಿಗೆ ಗೊತ್ತಿದ್ದರೆ ತಾನೇ. ಮೊದಲ ಸಲ ದಪ್ಪ ಹಚ್ಚಿದ್ದಕ್ಕೆ ನನ್ನ ಹಳೇ ರೆಪ್ಪೆಯ ಮಡಿಕೆಯಲ್ಲಿ ಗೆರೆಗೆರೆಯಾಗಿ ಕೂಡಿಕೊಂಡಿತು. ಎರಡನೇ ಸಲ ತೆಳ್ಳಗೆ ಒಂದು ಗೀಟು ಎಳೆದು, ನೀನು ಮಾಡುವ ಹಾಗೆ ಉಂಗುರದ ಬೆರಳಿನಿಂದ ಬೇಗ ಸವರಿ, ಕಣ್ಣು ಮುಚ್ಚಿ ಮೂವತ್ತು ಎಣಿಸಿದೆ. ಸಂಜೆಯವರೆಗೆ ಕದಲಲಿಲ್ಲ, ಉರಿಯಲಿಲ್ಲ. ರಾತ್ರಿ ಒಂದು ಹನಿ ಕೊಬ್ಬರಿ ಎಣ್ಣೆಗೆ ಬಿಟ್ಟಿತು. ವಿಜಯನ ರೆಪ್ಪೆಯೂ ಹೀಗೇ ಇತ್ತು, ಅಗಲ, ಸ್ವಲ್ಪ ಜೋತುಬಿದ್ದಂತೆ. ನನ್ನದೇ ಅವನಿಗೆ ಬಂದಿತ್ತು ಎಂದು ನನಗೆ ಈಗ ತಿಳಿಯಿತು.

ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ಮೊನ್ನೆ ಮಂಜುಳಾ ಮೊಸರು ಕೇಳಲು ಬಂದವಳು ನನ್ನ ಮುಂಗೈ ಮೇಲೆ ಅವತ್ತು ಮತ್ತೆ ಎಳೆದುಕೊಂಡಿದ್ದ ಗೆರೆ ನೋಡಿ, ಪೆನ್ಸಿಲ್ ಸಮೇತ ನನ್ನನ್ನು ಅವರ ಪಡಸಾಲೆಗೆ ಎಳೆದುಕೊಂಡು ಹೋದಳು. ಅವಳ ಅಜ್ಜಿ ಸತ್ಯವ್ವ ಕಾಕು ಕಡಲೆ ಹಸನು ಮಾಡುತ್ತಾ ಕೂತಿದ್ದರು. ‘ಇದೇನಬೇ, ಸಾಲಿ ಹುಡುಗರ ಬಣ್ಣದ ಕಡ್ಡಿ?’ ಎಂದರು. ರೆಪ್ಪೆಗೆ ಹಚ್ಚೂದು ಆಯಿ ಎಂದಳು ಮಂಜುಳಾ. ‘ಕಣ್ಣು ತೆರದರ ಮುಚ್ಚತೈತಿ, ಅಂಥಾ ಜಾಗಾಕ್ಕ ಯಾಕಬೇ ಬಣ್ಣಾ? ಹಣಿಗೆ ಹಚ್ಚಿದರ ಊರಿಗೆಲ್ಲಾ ಕಾಣತೈತಿ’ ಎಂದು ಕಾಕು ಕೆಂಪಗಿದ್ದ ಪೆನ್ಸಿಲ್ ಆರಿಸಿಯೇ ಬಿಟ್ಟರು. ಅವರ ಕುಂಕುಮ ಬೆವರಿಗೆ ಮೂಗಿನ ಮೇಲೆ ಇಳಿಯುತ್ತದೆ, ಟಿಕಳಿ ಅಂಟಿಸಿದರೆ ಚರ್ಮ ತುರಿಸುತ್ತದೆ. ಇದು ಅಳಿಸುವುದಿಲ್ಲ ಎಂದು ಕೇಳಿದ್ದೇ ಮುಖ ನನ್ನ ಮುಂದೆ ಚಾಚಿ, ‘ಇಲ್ಲಿ ದುಂಡಗ ಒಂದು ಇಡು ರಾಜಿ’ ಎಂದರು.

ನನ್ನ ಕೈ ಮೇಲೇಳಲಿಲ್ಲ ಉಮಾ. ಮುತ್ತೈದೆಯ ಹಣೆ ಅದು. ಮಂಜುಳಾ ಹಚ್ಚಲಿ ಬಿಡ್ರಿ ಎಂದೆ. ‘ಅಕಿ ರಂಗೋಲಿನ ಸೊಟ್ಟ ಹಾಕತಾಳ, ನನ್ನ ಹಣಿ ಬಿಟ್ಟಾಳೇನು?’ ಎಂದರು. ಅದಲ್ಲರಿ ಕಾಕು, ನನ್ನ ಕೈ ಎಂದು ಅರ್ಧಕ್ಕೆ ನಿಲ್ಲಿಸಿದೆ. ಕಾಕು ಪೆನ್ಸಿಲ್ ನನ್ನ ಕೈಗೆ ತುರುಕಿದರು. ‘ಕೈಗೇನಾಗೈತಿ? ಸೋಮವಾರ ಇದ ಕೈಯಿಂದ ನೀ ಬಡದ ರೊಟ್ಟಿ ತಿಂದೇನಿ, ಇನ್ನೂ ಜೀವಂತ ಅದೇನಿ. ಮಾತು ಬಿಟ್ಟು ಇಡು’ ಎಂದರು. ಇಟ್ಟೆ. ಹನ್ನೆರಡು ವರ್ಷದ ಮೇಲೆ ಒಬ್ಬರ ಹಣೆ ಮುಟ್ಟಿದೆ. ಹೊರಗಿನಿಂದ ಬಂದ ನಿಜಗುಣಪ್ಪ ಕಾಕಾ ಹೆಂಡತಿಯ ಮುಖ ನೋಡಿ, ‘ಏನು ಮುದುಕಿ, ಮೊಮ್ಮಗಳಕಿಂತ ಮೊದಲ ನೀ ತಯಾರಾದಿ?’ ಎಂದರು. ‘ಚಲೋ ಗಂಡ ಸಿಕ್ಕರ ಈ ಮುಹೂರ್ತಕ್ಕ ಆಗಿಬಿಡತೇನಿ’ ಎಂದು ಕಾಕು ಕಡಲೆಗೆ ಕೈ ಹಾಕಿದರು. ಮಂಜುಳಾ ನಕ್ಕು ನಕ್ಕು ಮೊಸರಿನ ಗಿಂಡಿ ಉರುಳಿಸಿದಳು. ನಾನೂ ನಕ್ಕೆ, ನಿನಗೆ ತಿಳಿಯಲಿ ಎಂದು ಬರೆಯುತ್ತೇನೆ. ಆ ಬೊಟ್ಟು ಮರುದಿನ ಬೆಳಿಗ್ಗೆಯೂ ಇತ್ತಂತೆ. ನಳದ ಹತ್ತಿರ ಕಾಕು ಎಲ್ಲರಿಗೂ, ರಾಜಿ ಇಟ್ಟದ್ದು ಎಂದೇ ತೋರಿಸಿದರು. ಈಗ ಮೂವರು ಅದನ್ನೇ ಕೇಳಿಕೊಂಡು ಬರುತ್ತಾರೆ, ಕೆಂಪು ಪೆನ್ಸಿಲ್ ಮೊಂಡಾಗಿ ಹೋಗಿದೆ.

ಹೊರಡುವಾಗ ಮಂಜುಳಾ ಬಾಗಿಲ ತನಕ ಬಂದು, ‘ದೊಡ್ಡವ್ವ, ಉಮಕ್ಕ ನನ್ನ ಮ್ಯಾಲೆ ಸಿಟ್ಟಾಗ್ಯಾಳೇನು?’ ಎಂದು ಕೇಳಿದಳು. ಉತ್ತರ ಕೊಡದೆ ಬಂದೆ. ಎರಡು ದಿನದಿಂದ ಆ ಉತ್ತರವನ್ನೇ ಬರೆಯಲು ಕೂಡುತ್ತೇನೆ, ಬರೀ ಪೆನ್ಸಿಲ್ ಕಥೆ ಬರೆದು ಏಳುತ್ತೇನೆ.

ನಿಮ್ಮ ಅಪ್ಪ ಅವ್ವನಿಗೆ ನನ್ನ ಶರಣು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನ ಕೈಹಿಡಿದು ನಡೆಸಲಿ.

ನಿನ್ನ ಅತ್ತೆ,
ರಾಜೇಶ್ವರಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೂ ಓದು. ಬೈಲಹೊಂಗಲದಿಂದ ಮಂಜುಳಾಳ ಮನೆಯವರು ಯಾರನ್ನೂ ಗೊತ್ತು ಮಾಡಿಲ್ಲ. ಸತ್ಯವ್ವ ಕಾಕು ಸಂಕ್ರಾಂತಿ ಮುಗಿದ ಮೇಲೆ ನಮ್ಮ ಮನೆಗೆ ಬಂದು ನಿನ್ನನ್ನೇ ಕರೆದಿದ್ದರು. ಉಮಾ ಆ ಕೆಲಸ ಬಿಟ್ಟಿದ್ದಾಳೆ ಎಂದು ನಾನೇ ಹೇಳಿ ಕಳಿಸಿದೆ. ಜನ ಆಡಿಕೊಳ್ಳುತ್ತಾರೆ ಎಂದು ಹೆದರಿದೆ ಎನ್ನಬಹುದು. ಆದರೆ ನಿನ್ನ ಕೈ ಆಗದು ಎಂದು ಒಳಗೆ ನಂಬಿದವಳು ನಾನೇ, ಅವರಲ್ಲ. ಇವತ್ತು ಬೆಳಿಗ್ಗೆ ಹೋಗಿ ಅವರಿಗೆ ನಿಜ ಹೇಳಿದೆ, ಬೈಸಿಕೊಂಡೆ. ಮದುವೆ ಏಪ್ರಿಲ್ ಇಪ್ಪತ್ತಕ್ಕೆ ಕಿತ್ತೂರಿನಲ್ಲಿ, ಮಂಜುಳಾ ಮೇಕಪ್ಪಿಗೆ ಇನ್ನೂ ಯಾರಿಗೂ ಹೇಳಿಲ್ಲ. ಪೆಟ್ಟಿಗೆ ನಾನು ಯಾರಿಗೂ ಕೊಟ್ಟಿಲ್ಲ. ಬರುತ್ತೀಯೋ ಇಲ್ಲವೋ, ಅವಳಿಗೆ ನೀನೇ ಫೋನ್ ಮಾಡಿ ಹೇಳು. ನಿನ್ನ ಪರವಾಗಿ ನಾನು ಇನ್ನು ಯಾರಿಗೂ ಉತ್ತರ ಕೊಡುವುದಿಲ್ಲ.