ಎಡಗಡೆ ಡಾಲ್ಫಿನ್

ಘನತೆವೆತ್ತ ಮದುಮಗಳೇ,

ಭಾನುವಾರ ಇಡೀ ದಿನದ ಕೊಲ್ಲಿ ವಿಹಾರಕ್ಕೆಂದು ನಿಮ್ಮ ಭಾವೀ ಯಜಮಾನರು ಮನೆಮಂದಿಗೆಲ್ಲ ನಮ್ಮ ದೋಣಿಯನ್ನೇ ಗೊತ್ತುಮಾಡಿದ್ದಾರೆ. ಪಾಪ, ಅವರಿಗೇನೂ ತಿಳಿಯದು.

ನಮ್ಮ ಮಾಲೀಕರು ನನ್ನ ಮುಖ ನೋಡಿ, "ಬೇರೆಯವನನ್ನ ಕಳಿಸ್ಲೇನೋ?" ಅಂದರು.

"ನನ್ನಷ್ಟು ಚೆನ್ನಾಗಿ ಸುಳ್ಳು ಹೇಳೋ ಚಾಲಕ ಇನ್ನೆಲ್ಲಿ ಸಿಗ್ತಾನೆ, ಬಿಡಿ!" ಅಂದೆ.

ಆದಕಾರಣ ಕೆಳಗೆ ಸಹಿ ಮಾಡಿದ ಮಹಾಶಯನೇ ದೋಣಿ ನಡೆಸಲಿದ್ದಾನೆ. ಅತ್ತೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಅಲ್ಲಿ ಕುಲುಕಾಟ ಕಡಿಮೆ. ಮಕ್ಕಳಿಗೆ ಸಣ್ಣ ಲೈಫ್ ಜಾಕೆಟ್ ತೆಗೆದಿಟ್ಟಿದ್ದೇನೆ.

ದ್ವೀಪದ ತಿರುವಿನಲ್ಲಿ ಎಂದಿನಂತೆ "ಡಾಲ್ಫಿನ್! ಎಡಗಡೆ!" ಎಂದು ಕೂಗುತ್ತೇನೆ. ಮೂರು ವರ್ಷ ಇದೇ ದೋಣಿಯಲ್ಲಿ ಗೈಡ್ ಆಗಿದ್ದ ನಿಮಗೆ ಗೊತ್ತು, ಅಲ್ಲಿ ಮೀನಿನ ಬಾಲವೂ ಇರುವುದಿಲ್ಲ. ದೋಣಿಗೆ ದೋಣಿಯೇ ಎಡಕ್ಕೆ ಕತ್ತು ಚಾಚಿದಾಗ ನೀವೊಬ್ಬರು ಮಾತ್ರ ನನ್ನ ಕಡೆ ತಿರುಗಿ ನಗುತ್ತಿದ್ದಿರಿ. ಆ ಅರೆನಿಮಿಷಕ್ಕಾಗಿಯೇ ಅಷ್ಟೂ ಸುಳ್ಳು ಹೇಳಿದ್ದು.

ಈಗ ಕೂಗದೇ ಇದ್ದರೆ ಮಕ್ಕಳಿಗೆ ಬೇಜಾರಾದೀತು. ಆದ್ದರಿಂದ ಒಂದೇ ವಿನಂತಿ: ಭಾನುವಾರ ನಾನು ಕೂಗಿದಾಗ, ಎಲ್ಲರ ಜೊತೆ ನೀನೂ ಎಡಗಡೆಗೇ ನೋಡು.

ಚುಕ್ಕಾಣಿ ಬಿಡಲಾಗದ,
ನಿಮ್ಮ ದೋಣಿ ಚಾಲಕ